ವಂತಿಗೆಯೂ ಮನಸ್ಸಾಕ್ಷಿಯೂ

ದುಡ್ಡಿನ ಮೊತ್ತ ಸಣ್ಣದಾದರೂ ಅದರ ಹಿಂದಿನ ಪ್ರಶ್ನೆ ದೊಡ್ಡದಾಗಿರುವುದುಂಟು. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಮಾರ್ಕ್ ಜೇನಸ್ ಎಂಬ ಸರ್ಕಾರಿ ನೌಕರರ ಸಂಬಳದಿಂದ ತಿಂಗಳಿಗೆ ೪೪.೫೮ ಡಾಲರು ಮುರಿದುಕೊಳ್ಳಲಾಗುತ್ತಿತ್ತು. ಅದು ತೆರಿಗೆಯೂ ಅಲ್ಲ, ಸಾಲದ ಕಂತೂ ಅಲ್ಲ. ಅವರು ಸದಸ್ಯರೇ ಆಗಿರದ ನೌಕರರ ಸಂಘವೊಂದಕ್ಕೆ ಸಲ್ಲುತ್ತಿದ್ದ ವಂತಿಗೆ. ತಂದೆತಾಯಿ ಬೇರೆಯಾದ ಮನೆಗಳ ಮಕ್ಕಳಿಗೆ ಸಲ್ಲಬೇಕಾದ ಜೀವನಾಂಶವನ್ನು ಕೊಡಿಸುವುದು ಅವರ ಉದ್ಯೋಗ. ಆ ಸಂಘದ ಧೋರಣೆ ತಮಗೆ ಒಪ್ಪಿಗೆಯಿಲ್ಲ. ಸಂಸ್ಥಾನದ ಬೊಕ್ಕಸ ಬರಿದಾಗುತ್ತಿರುವಾಗ ಅದು ಮುಂದಿಡುವ ಬೇಡಿಕೆಗಳು ಜನಹಿತಕ್ಕೆ ಹೊಂದುವಂಥವಲ್ಲ. ಹಾಗಿರುವಲ್ಲಿ ಅದರ ಮಾತಿಗೆ ತಮ್ಮಿಂದ ಬಲವಂತವಾಗಿ ಹಣ ಪಡೆಯುವುದು ತಮ್ಮ ವಾಕ್‌ಸ್ವಾತಂತ್ರ್ಯಕ್ಕೆ ಭಂಗ ಎಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. ೨೦೧೮ರ ಜೂನ್ ೨೭ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ.

ಕಾನೂನಿನ ಮಟ್ಟಿಗೆ ಜಗಳ ಅಲ್ಲಿಗೆ ತೀರಿತು. ಆದರೆ ನೀತಿಯ ಪ್ರಶ್ನೆಗಳು ಐದು ನಾಲ್ಕರ ಲೆಕ್ಕದಲ್ಲಿ ತೀರುವಂಥವಲ್ಲ. ದುಡ್ಡು ಕೊಡುವುದೆಂದರೆ ಮಾತನಾಡಿದಂತೆಯೆ? ಒಪ್ಪದ ಮಾತಿಗೆ ದುಡ್ಡು ಕೊಡಲಾರೆ ಎನ್ನುವವನು ಕಾಯುತ್ತಿರುವುದು ತನ್ನ ಮನಸ್ಸಾಕ್ಷಿಯನ್ನೋ, ತನ್ನ ಹಣದ ಚೀಲವನ್ನೋ? ಇದನ್ನು ಹೊರಗಿನವರು ಅರಿಯುವ ಬಗೆ ಯಾವುದು? ತಿಂಗಳ ಸಂಬಳವನ್ನೇ ನಂಬಿ ಬಾಳುವ, ಒಂದಲ್ಲ ಒಂದು ಸಂಘಕ್ಕೆ ಸೇರಿರುವ ಅಥವಾ ಸೇರದೆ ಉಳಿದಿರುವ ನಮ್ಮಂಥವರಿಗೆ ಈ ಪ್ರಶ್ನೆಗಳು ದೂರದವಲ್ಲ. ಆದರೂ ಅವನ್ನು ಹುಟ್ಟಿದ ನೆಲದಲ್ಲಿಯೇ ಇಟ್ಟು ನೋಡುವುದು ಒಳ್ಳೆಯದು; ಎರಡು ಪಕ್ಷಗಳ ವಾದವೂ ಅಲ್ಲಿ ಸ್ಪಷ್ಟವಾಗಿ ಮೂಡಿದೆ.

ಮೊದಲು ಅಲ್ಲಿಯ ಪದ್ಧತಿಯನ್ನು ತಿಳಿಯಬೇಕು. ಒಂದು ವರ್ಗದ ನೌಕರರಲ್ಲಿ ಹೆಚ್ಚು ಮಂದಿ ಒಂದು ಸಂಘವನ್ನು ಆರಿಸಿದರೆ ಆ ಸಂಘವೊಂದೇ ಆ ವರ್ಗದ ಎಲ್ಲರ ಪರವಾಗಿ ಸರ್ಕಾರದೊಡನೆ ಮಾತುಕತೆ ನಡೆಸುತ್ತದೆ. ಸಂಬಳ, ರಜೆ, ಬಡ್ತಿ, ಪಿಂಚಣಿ, ಅನ್ಯಾಯವಾದಾಗ ದೂರು ಎಲ್ಲವೂ ಅದರ ಮೂಲಕವೇ. ಸದಸ್ಯನಿಗೆ ಒಂದು ಸಂಬಳ, ಸದಸ್ಯನಲ್ಲದವನಿಗೆ ಇನ್ನೊಂದು ಎಂದು ಅದು ಭೇದ ಮಾಡುವಂತಿಲ್ಲ. ಎಲ್ಲರಿಗೂ ಲಾಭ ದೊರೆಯುವುದರಿಂದ ಎಲ್ಲರೂ ಖರ್ಚಿನಲ್ಲಿ ಪಾಲು ಕೊಡಲಿ ಎಂದು ೧೯೮೪ರಲ್ಲಿ ಜಾರಿಗೆ ಬಂದ ಇಲಿನಾಯ್ ಕಾಯಿದೆ ಅವಕಾಶ ಕಲ್ಪಿಸಿತ್ತು. ಆ ಪಾಲಿಗೆ 'ನ್ಯಾಯವಾದ ಪಾಲು' ಎಂದೇ ಹೆಸರು. ಜೇನಸ್ ಅವರಿಂದ ಪಡೆಯುತ್ತಿದ್ದುದು ಸದಸ್ಯರ ಪೂರ್ಣ ಚಂದಾದಲ್ಲಿ ಶೇಕಡ ೭೮.೦೬ರಷ್ಟು. ಉಳಿದ ಭಾಗ ಚುನಾವಣೆ ಮೊದಲಾದ ರಾಜಕೀಯ ಕೆಲಸಗಳಿಗೆ ಸೇರಿದ್ದೆಂದು ಬಿಟ್ಟಿದ್ದರು.

ಸದಸ್ಯರಲ್ಲದವರ ಹಿತವನ್ನೂ ಸಂಘ ಕಾಯಬೇಕೆಂಬ ನಿಯಮ ಹುಟ್ಟಿದ ಕಥೆ ತಿಳಿಯತಕ್ಕದ್ದು. ಅಲಬಾಮಾದ ರೈಲ್ವೆಯೊಂದರಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಕರಿಯ ಕೆಲಸಗಾರರಿದ್ದರು. ಕಾನೂನಿನ ಪ್ರಕಾರ ಅವರ ಪ್ರತಿನಿಧಿಯಾಗಿದ್ದ ಸಂಘ ಬಿಳಿಯರಿಗೆ ಮಾತ್ರ ಸದಸ್ಯತ್ವ ಕೊಡುತ್ತಿತ್ತು. ಅವರನ್ನು ಒಳಗೆ ಸೇರಿಸದೆ, ಅವರ ಹೆಸರಿನಲ್ಲಿಯೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಅವರ ಕೆಲಸವನ್ನೇ ಕಸಿಯಲು ಹೊರಟಿತು. ೧೯೪೪ರಲ್ಲಿ ಸ್ಟೀಲ್ ಎಂಬ ಕೆಲಸಗಾರನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಎಲ್ಲರ ಪರವಾಗಿ ಮಾತನಾಡುವ ಅಧಿಕಾರ ಪಡೆದವನು ಎಲ್ಲರ ಹಿತವನ್ನೂ ನೋಡಲೇಬೇಕು. ಆದುದರಿಂದ, ಬೇಡವೆಂದವನ ಭಾರವನ್ನು ಸಂಘದ ತಲೆಗೇಕೆ ಕಟ್ಟಬೇಕು ಎಂದು ಕೇಳುವವರು ಈ ಇತಿಹಾಸವನ್ನು ಮರೆಯಬಾರದು. ಆ ಭಾರ ತೆಗೆದ ದಿನ ದುರ್ಬಲನು ಬಲಿಷ್ಠನ ಕೈಗೆ ಸಿಕ್ಕುವನು.

ಸರ್ಕಾರಿ ನೌಕರರ ವಂತಿಗೆಯ ಪ್ರಶ್ನೆ ಇದೇ ನ್ಯಾಯಾಲಯದ ಮುಂದೆ ೧೯೭೭ರಲ್ಲಿ ಬಂತು. ಡಿಟ್ರಾಯಿಟ್ ನಗರದ ಉಪಾಧ್ಯಾಯರು ತಂದ ಆಬೂಡ್ ಮೊಕದ್ದಮೆ ಅದು. ನ್ಯಾಯಾಲಯ ಮಧ್ಯದಲ್ಲಿ ಒಂದು ಗೆರೆ ಎಳೆಯಿತು. ಸಂಬಳ ಸೌಲಭ್ಯಗಳ ಮಾತುಕತೆಗೆ ತಗಲುವ ಖರ್ಚನ್ನು ಸದಸ್ಯನಲ್ಲದವನಿಂದಲೂ ಪಡೆಯಬಹುದು. ಅಭ್ಯರ್ಥಿಗಳನ್ನು ಬೆಂಬಲಿಸುವುದಕ್ಕೆ, ರಾಜಕೀಯ ಮತಪ್ರಚಾರಕ್ಕೆ ಪಡೆಯಕೂಡದು. ಕೇಳುವುದಕ್ಕೆ ಇಷ್ಟು ಹಿತವಾದ ಗೆರೆ ನಡೆದು ನೋಡಿದಾಗ ಕಾಲಿಗೆ ತೊಡರತೊಡಗಿತು. ಸಂಘದ ಪತ್ರಿಕೆಯ ಖರ್ಚು ಯಾವ ಕಡೆ? ಮಹಾಸಭೆಗೆ ಪ್ರತಿನಿಧಿಗಳು ಹೋಗಿಬರುವ ಖರ್ಚು ಯಾವ ಕಡೆ? ಮಿಷಿಗನ್ನಿನ ಫೆರಿಸ್ ಕಾಲೇಜಿನ ಅಧ್ಯಾಪಕರ ಮೊಕದ್ದಮೆಯಲ್ಲಿ, ೧೯೯೧ರಲ್ಲಿ, ನ್ಯಾಯಮೂರ್ತಿಗಳು ಲೆಕ್ಕಬರೆಯುವ ಗುಮಾಸ್ತರಂತೆ ಬಾಬು ಬಾಬನ್ನೂ ಪರಿಶೀಲಿಸಬೇಕಾಯಿತು. ಪರಿಶೀಲಿಸಿಯೂ ಒಮ್ಮತಕ್ಕೆ ಬರಲಿಲ್ಲ. ಹಾಗಿದ್ದರೂ ಆ ಗೆರೆ ೪೧ ವರ್ಷ ನಿಂತಿತು. ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳು ಅದನ್ನು ನಂಬಿ ಕಾಯಿದೆ ಮಾಡಿದ್ದವು. ೨೦೧೮ರಲ್ಲಿ ಅಳಿಸಿದ್ದು ಈ ಗೆರೆಯನ್ನೇ.

ಗೆರೆಯನ್ನು ಅಳಿಸಿದವರ ಪಕ್ಷಕ್ಕೆ ಬಲವಿಲ್ಲವೆಂದು ಹೇಳಲಾಗದು. ಅದರ ಬೇರು ಅಮೆರಿಕದ ಹುಟ್ಟಿನಷ್ಟು ಹಳೆಯದು. ೧೭೮೫ರಲ್ಲಿ ವರ್ಜೀನಿಯದಲ್ಲಿ ಕ್ರೈಸ್ತ ಬೋಧಕರ ಪೋಷಣೆಗಾಗಿ ಜನರಿಂದ ತೆರಿಗೆ ಎತ್ತುವ ಮಸೂದೆ ಇತ್ತು. ಮ್ಯಾಡಿಸನ್ ಅದನ್ನು ವಿರೋಧಿಸಿ ಬರೆದ ಮನವಿಯಲ್ಲಿ, ಮೂರೇ ಮೂರು ಪೆನ್ನಿಯಾದರೂ ಬಲವಂತದ ವಂತಿಗೆ ಬಲವಂತವೇ ಎಂಬ ಅರ್ಥದ ಮಾತಿದೆ. ಮರುವರ್ಷ ಅಂಗೀಕಾರವಾದ ಜೆಫರ್ಸನ್ನರ ಮತಸ್ವಾತಂತ್ರ್ಯದ ಶಾಸನವಂತೂ, ತಾನು ನಂಬದ ಅಭಿಪ್ರಾಯದ ಪ್ರಚಾರಕ್ಕೆ ಮನುಷ್ಯನಿಂದ ಹಣ ಕೀಳುವುದನ್ನು ಪಾಪವೆಂದೂ ದಬ್ಬಾಳಿಕೆಯೆಂದೂ ಕರೆಯಿತು. ಇಲ್ಲಿ ಹಣದ ಪ್ರಮಾಣ ಮುಖ್ಯವಲ್ಲ. ನನ್ನ ನಾಲಗೆಯಿಂದ ನಿಮ್ಮ ಮಾತನ್ನು ಆಡಿಸುವುದು ತಪ್ಪಾದರೆ, ನನ್ನ ದುಡ್ಡಿನಿಂದ ಆಡಿಸುವುದು ಹೇಗೆ ಸರಿಯಾದೀತು ಎಂಬುದು ಪ್ರಶ್ನೆ.

ಮಾತನಾಡುವ ಹಕ್ಕಿನೊಳಗೆ ಸುಮ್ಮನಿರುವ ಹಕ್ಕೂ ಸೇರಿದೆ. ಯುದ್ಧದ ಕಾವಿನ ನಡುವೆಯೇ, ೧೯೪೩ರಲ್ಲಿ, ಬಾವುಟಕ್ಕೆ ವಂದಿಸಲೊಲ್ಲದ ಯೆಹೋವನ ಸಾಕ್ಷಿಗಳೆಂಬ ಪಂಥದ ಶಾಲಾ ಮಕ್ಕಳನ್ನು ಬಲವಂತ ಮಾಡಬಾರದೆಂದು ಅಮೆರಿಕದ ನ್ಯಾಯಾಲಯ ತೀರ್ಮಾನಿಸಿತು. ಅದೇ ಪಂಥದ ಮೂವರು ಮಕ್ಕಳು ನಮ್ಮ ಕೇರಳದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದಾಗ, ೧೯೮೬ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಮಕ್ಕಳ ಮೌನವನ್ನು ಕಾಪಾಡಿತು. ಎರಡು ದೇಶಗಳ ಸಂವಿಧಾನಗಳು ಬೇರೆ ಬೇರೆಯಾದರೂ ಈ ಒಂದು ವಿವೇಕ ಸಮಾನ.

ಇನ್ನೊಂದು ವಾದವೂ ಉಂಟು. ಖಾಸಗಿ ಕಾರ್ಖಾನೆಯಲ್ಲಿ ಸಂಘ ಕೂಲಿ ಹೆಚ್ಚಿಸೆಂದು ಕೇಳಿದರೆ ಅದು ಮಾಲೀಕನ ಲಾಭದ ಮಾತು. ಸರ್ಕಾರಿ ನೌಕರರ ಸಂಘ ಸಂಬಳ ಹೆಚ್ಚಿಸೆಂದು ಕೇಳಿದರೆ ಅದು ತೆರಿಗೆಯ ಮಾತು. ಆಸ್ಪತ್ರೆಗೆ ಎಷ್ಟು, ರಸ್ತೆಗೆ ಎಷ್ಟು, ಪಿಂಚಣಿಗೆ ಎಷ್ಟು ಎಂಬ ಮಾತು. ಉಪಾಧ್ಯಾಯರ ಬಡ್ತಿ ಹಿರಿತನದಿಂದಲೋ ಯೋಗ್ಯತೆಯಿಂದಲೋ ಎಂಬುದು ಮಕ್ಕಳ ವಿದ್ಯೆಯ ಮಾತೂ ಹೌದು. ಆದುದರಿಂದ ಸರ್ಕಾರದ ಬಾಗಿಲಲ್ಲಿ ಸಂಬಳದ ಮಾತು ಬೇರೆ, ರಾಜಕೀಯದ ಮಾತು ಬೇರೆ ಎಂಬುದೇ ಸಲ್ಲದು ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಅಲಿಟೊ ವಾದಿಸಿದರು. ಬಿಟ್ಟಿ ಲಾಭದ ಆಕ್ಷೇಪಣೆಗೂ ಅವರಲ್ಲಿ ಉತ್ತರವಿತ್ತು. ಟಿಕೆಟ್ಟಿಲ್ಲದೆ ತನ್ನ ಊರಿಗೆ ಹೋಗುವ ಬಸ್ಸು ಹತ್ತಿದವನಲ್ಲ ಜೇನಸ್. ತಾನು ಬಯಸದ ಪ್ರಯಾಣಕ್ಕೆ ಎಳೆದೊಯ್ಯಲ್ಪಟ್ಟವನು. ಮೇಲಾಗಿ, ಎಲ್ಲರ ಪರವಾಗಿ ತಾನೊಬ್ಬನೇ ಮಾತನಾಡುವ ಪದವಿ ಸಂಘಕ್ಕೆ ದೊಡ್ಡ ಲಾಭ. ಭಾರ ಹೊರುವುದಕ್ಕೆ ಆ ಪದವಿಯೇ ಪ್ರತಿಫಲ.

ಈ ವಾದದ ಎದುರಿಗೆ ಮೆಂಫಿಸ್ ನಗರದ ಕಥೆಯನ್ನು ಇಡಬೇಕು. ೧೯೬೮ರ ಫೆಬ್ರವರಿ ೧ರಂದು ಮಳೆ. ಕಸ ಹೊರುವ ಇಬ್ಬರು ಕರಿಯ ಕೆಲಸಗಾರರು ಮಳೆಗೆ ಮರೆಯಾಗಿ ಕಸದ ಲಾರಿಯ ಹಿಂಬದಿಯಲ್ಲಿ ನಿಂತಿದ್ದಾಗ, ಕಸವನ್ನು ಅದುಮುವ ಯಂತ್ರ ಇದ್ದಕ್ಕಿದ್ದಂತೆ ಚಲಿಸಿ ಇಬ್ಬರನ್ನೂ ನುಂಗಿತು. ಫೆಬ್ರವರಿ ೧೨ರಿಂದ ಸುಮಾರು ೧,೩೦೦ ಮಂದಿ ಕೆಲಸ ನಿಲ್ಲಿಸಿದರು. 'ನಾನು ಮನುಷ್ಯ' ಎಂಬರ್ಥದ ಫಲಕವನ್ನು ಎದೆಯ ಮೇಲೆ ಹೊತ್ತು ಬೀದಿಯಲ್ಲಿ ನಡೆದರು. ಅವರ ಸಂಘ ಯಾವುದು? ಅರ್ಧ ಶತಮಾನದ ಮೇಲೆ ಜೇನಸ್ ಯಾವುದರ ವಿರುದ್ಧ ನ್ಯಾಯಾಲಯಕ್ಕೆ ಹೋದರೋ ಅದೇ ಸಂಸ್ಥಾನ, ಜಿಲ್ಲೆ ಮತ್ತು ಪುರಸಭಾ ನೌಕರರ ಒಕ್ಕೂಟ. ಅವರ ಬೇಡಿಕೆಗಳಲ್ಲಿ ಎರಡು ಮೇಯರನ ಗಂಟಲಲ್ಲಿ ಇಳಿಯಲಿಲ್ಲ: ಸಂಘವನ್ನು ಮಾನ್ಯ ಮಾಡುವುದು, ಸದಸ್ಯರ ಚಂದಾವನ್ನು ಸಂಬಳದಿಂದಲೇ ಕಳೆದು ಸಂಘಕ್ಕೆ ಸಲ್ಲಿಸುವುದು. ಅವರಿಗೆ ಬೆಂಬಲವಾಗಿ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ ೪ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ ೧೬ರಂದು ಆದ ಒಪ್ಪಂದದಲ್ಲಿ ನಗರಸಭೆ ಸಂಘವನ್ನು ಒಪ್ಪಿತು. ಚಂದಾ ಕಟ್ಟುವುದಕ್ಕೂ ಒಂದು ಮಾರ್ಗ ಮಾಡಿಕೊಟ್ಟಿತು.

ಅಲ್ಲಿ ಕೇಳಿದ್ದು ಸದಸ್ಯರ ಇಷ್ಟದ ಚಂದಾ, ಬಲವಂತದ್ದಲ್ಲ ನಿಜ. ಆದರೂ ಪ್ರಾಣಕ್ಕೆ ಹೋರಾಡುತ್ತಿದ್ದವರು ಚಂದಾದ ಮಾತಿಗೆ ಅಷ್ಟು ಪಟ್ಟು ಹಿಡಿದದ್ದೇಕೆ? ಬಡವನ ಮಾತು ಒಂಟಿಯಾಗಿ ಯಾರ ಕಿವಿಗೂ ತಲಪುವುದಿಲ್ಲವೆಂದು ಅವರು ಬಲ್ಲವರಾಗಿದ್ದರು. ಹತ್ತಾರು ಜನರ ಕಾಸು ಕೂಡಿದ ಮೇಲೆ ಅದಕ್ಕೆ ಒಂದು ಕಚೇರಿ, ಒಬ್ಬ ವಕೀಲ, ಒಂದು ಧ್ವನಿ. ಹಾಗೆ ನೋಡಿದರೆ ಚಂದಾ ಅವರ ಪಾಲಿಗೆ ವಾಕ್‌ಸ್ವಾತಂತ್ರ್ಯದ ಶತ್ರುವಲ್ಲ, ಅದರ ಸಾಧನ. ಒಂದೇ ಒಕ್ಕೂಟದ ವಂತಿಗೆ ಮೆಂಫಿಸ್ಸಿನ ಕಸದವನಿಗೆ ನಾಲಗೆ ಕೊಟ್ಟಿತು; ಇಲಿನಾಯಿನ ಗುಮಾಸ್ತನಿಗೆ ನಾಲಗೆ ಕಟ್ಟಿದಂತೆ ತೋರಿತು. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಕಷ್ಟವಿರುವುದೇ ಇಲ್ಲಿ.

ನಮ್ಮಲ್ಲಿ ಹಾಲಿನ ಕೊಳದ ಕಥೆಯೊಂದು ಬಳಕೆಯಲ್ಲಿದೆ. ರಾತ್ರಿ ಮನೆಗೊಂದು ಚೆಂಬು ಹಾಲು ತಂದು ಕೊಳಕ್ಕೆ ಸುರಿಯಬೇಕೆಂದು ರಾಜ ಡಂಗುರ ಹೊಡೆಸಿದ. ಊರೆಲ್ಲ ಹಾಲು ಸುರಿಯುವಾಗ ನನ್ನದೊಂದು ಚೆಂಬು ನೀರು ಯಾರಿಗೆ ತಿಳಿದೀತು ಎಂದು ಒಬ್ಬ ಲೆಕ್ಕ ಹಾಕಿದ. ಬೆಳಿಗ್ಗೆ ನೋಡಿದರೆ ಕೊಳದ ತುಂಬ ನೀರು. ಲೆಕ್ಕ ಹಾಕಿದವನು ಅವನೊಬ್ಬನೇ ಆಗಿರಲಿಲ್ಲ. ಮ್ಯಾಂಕರ್ ಓಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೬೫ರಲ್ಲಿ ಒಂದು ಗ್ರಂಥ ಬರೆದು ಶಾಸ್ತ್ರೀಯವಾಗಿ ನಿರೂಪಿಸಿದ್ದೂ ಬಹುಮಟ್ಟಿಗೆ ಇದನ್ನೇ. ಲಾಭ ಎಲ್ಲರಿಗೂ ಸಿಗುವುದೆಂದಾದರೆ, ದೊಡ್ಡ ಗುಂಪಿನಲ್ಲಿ ತನ್ನ ಪಾಲಿನ ಖರ್ಚು ತಪ್ಪಿಸಿಕೊಳ್ಳುವುದು ಪ್ರತಿಯೊಬ್ಬನಿಗೂ ಜಾಣತನವಾಗಿ ತೋರುತ್ತದೆ. ಎಲ್ಲರ ಜಾಣತನವೂ ಸೇರಿ ಎಲ್ಲರಿಗೂ ನಷ್ಟವಾಗುತ್ತದೆ. ಸಂಘವನ್ನು ಮನಸಾರೆ ಮೆಚ್ಚುವವನೇ ಚಂದಾ ಕೊಡದೆ ಉಳಿಯುವುದು ಸಾಧ್ಯ ಎಂಬುದು ಇದರ ತಿರುಳು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕೇಗನ್ ಒತ್ತಿ ಹೇಳಿದ್ದೂ ಇದನ್ನೇ.

ಆದರೆ ಈ ಕಥೆಗೆ ಇನ್ನೊಬ್ಬನನ್ನು ಸೇರಿಸಿ ನೋಡೋಣ. ಅವನು ಜಿಪುಣನಲ್ಲ. ಕರು ಕುಡಿಯಬೇಕಾದ ಹಾಲನ್ನು ಕೊಳಕ್ಕೆ ಸುರಿಯುವುದು ಅಧರ್ಮವೆಂದು ಅವನ ನಂಬಿಕೆ. ಅವನೂ ಹಾಲು ತರಲಿಲ್ಲ. ಬೆಳಿಗ್ಗೆ ರಾಜಭಟರು ಬಂದಾಗ ಇಬ್ಬರ ಚೆಂಬೂ ಒಂದೇ. ಇಬ್ಬರ ಮಾತೂ ಒಂದೇ ಆಗಿರಬಹುದು. ಉಳಿಸಿಕೊಂಡ ಹಾಲಿನ ರುಚಿ ಕಂಡವನು ಧರ್ಮದ ಮಾತು ಕಲಿಯಲು ಎಷ್ಟು ಹೊತ್ತು? ಸಂಘದ ಚಂದಾದ ವಿಷಯವೂ ಹೀಗೆಯೆ. ಕೊಡೆನೆಂದವರಲ್ಲಿ ಮನಸ್ಸಾಕ್ಷಿಗೆ ಅಂಜಿದವನಾರು, ತಿಂಗಳಿಗೆ ನಲವತ್ತೈದು ಡಾಲರು ಉಳಿಯಿತೆಂದು ಹಿಗ್ಗಿದವನಾರು? ಕಾಯಿದೆಗೆ ಕೈ ಕಾಣುತ್ತದೆ, ಎದೆ ಕಾಣುವುದಿಲ್ಲ. ಎಲ್ಲರೂ ಜಿಪುಣರೆಂದು ಬಗೆದು ವಸೂಲು ಮಾಡಿದರೆ ಸತ್ಯವಂತನಿಗೆ ಅನ್ಯಾಯ. ಎಲ್ಲರೂ ಸತ್ಯವಂತರೆಂದು ಬಗೆದು ಬಿಟ್ಟರೆ ಚಂದಾ ಕೊಡುವವನಿಗೆ ಅನ್ಯಾಯ. ಅವನು ಇತರರ ಪಾಲನ್ನೂ ಹೊರಬೇಕಾಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಒಂದು ಸಣ್ಣ ಬಾಗಿಲಿತ್ತು. ಇಲಿನಾಯ್ ಕಾಯಿದೆಯಲ್ಲಿಯೇ ಇತ್ತು. ಯಾವ ಸಂಘಕ್ಕೂ ಸೇರಬಾರದು, ಹಣ ಕೊಡಬಾರದು ಎಂದು ತನ್ನ ಮತಧರ್ಮ ವಿಧಿಸುತ್ತದೆ ಎನ್ನುವ ನೌಕರ ಅದೇ ಮೊತ್ತವನ್ನು ಮತಕ್ಕೆ ಸಂಬಂಧಿಸದ ಯಾವುದಾದರೂ ದಾನಸಂಸ್ಥೆಗೆ ಕೊಡಬಹುದು ಎಂಬ ನಿಯಮ ಅದು. ಖಾಸಗಿ ಉದ್ಯೋಗದವರಿಗೂ ೧೯೮೦ರ ತಿದ್ದುಪಡಿಯೊಂದರ ಮೂಲಕ ಅಮೆರಿಕದ ಕೇಂದ್ರ ಕಾಯಿದೆ ಇಂಥ ಅವಕಾಶ ಕೊಟ್ಟಿತ್ತು. ಇದರ ಸೊಗಸನ್ನು ಗಮನಿಸಬೇಕು. ನಿನ್ನ ನಂಬಿಕೆ ನಿಜವೇ ಎಂದು ಯಾರೂ ಅವನ ಎದೆಯನ್ನು ಬಗೆದು ನೋಡಬೇಕಾಗಿಲ್ಲ. ಒಪ್ಪದ ಮಾತಿಗೆ ಅವನ ಒಂದು ಕಾಸೂ ಹೋಗಲಿಲ್ಲ. ಹಾಗೆಂದು ಒಪ್ಪದಿರುವುದರಿಂದ ಒಂದು ಕಾಸೂ ಉಳಿಯಲಿಲ್ಲ. ಲಾಭದ ಆಸೆ ಕಳಚಿದ ಮೇಲೂ ಬೇಡವೆಂದು ನಿಂತವನು ಮನಸ್ಸಾಕ್ಷಿಯವನೇ. ಜಿಪುಣನು, ಹೇಗೂ ಕೊಡಬೇಕಾದ ಮೇಲೆ ಸಂಘಕ್ಕೇ ಕೊಟ್ಟು ಸಭೆಯಲ್ಲಿ ನಾಲ್ಕು ಮಾತಾದರೂ ಆಡೋಣವೆಂದು ಬರುವನು.

ಈ ಬಾಗಿಲನ್ನು ಮತಧರ್ಮದವರಿಗೆ ಮಾತ್ರ ತೆರೆದಿಟ್ಟು, ವಿಚಾರದಿಂದ ಒಪ್ಪದವನಿಗೆ ಮುಚ್ಚಿದ್ದು ಕಾಯಿದೆಯ ಕೊರತೆ. ದೇವರು ಬೇಡವೆಂದದ್ದಕ್ಕೆ ಇರುವ ಮರ್ಯಾದೆ ಬುದ್ಧಿ ಬೇಡವೆಂದದ್ದಕ್ಕೆ ಏಕಿಲ್ಲ? ಅದನ್ನು ಎಲ್ಲರಿಗೂ ತೆರೆದಿದ್ದರೆ ಜೇನಸ್ ಅವರ ಮಾತೂ ಉಳಿಯುತ್ತಿತ್ತು, ಸಹೋದ್ಯೋಗಿಗಳೊಡನೆ ಅವರ ಲೆಕ್ಕವೂ ಸರಿಹೋಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಇದು ಮನಸ್ಸಾಕ್ಷಿಗೆ ವಿಧಿಸಿದ ದಂಡವಲ್ಲವೆ ಎಂದು ಯಾರಾದರೂ ಕೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸುಮಾರು ೧೨,೦೦೦ ಜನ ಕೋವಿ ಹಿಡಿಯಲೊಲ್ಲೆವೆಂದರು. ಅವರಲ್ಲಿ ಮೆನೊನೈಟರು, ಕ್ವೇಕರರು ಬಹಳ. ಸರ್ಕಾರ ಅವರನ್ನು ಸಂಬಳವಿಲ್ಲದ ಸೇವೆಗೆ ಕಳುಹಿಸಿತು. ಕಾಡಿನ ಬೆಂಕಿ ಆರಿಸಿದರು. ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡಿದರು. ಕೊಲ್ಲುವುದಿಲ್ಲ ಎಂಬುದು ಅವರ ಮಾತು; ದುಡಿಯುವುದಿಲ್ಲ ಎಂಬುದಲ್ಲ. ಅವರ ಅಹಿಂಸೆಯನ್ನು ಹೇಡಿತನವೆಂದು ಹಳಿಯುವವರ ಬಾಯಿ ಕಟ್ಟಿದ್ದು ಆ ದುಡಿಮೆಯೇ. ಬೆಲೆ ತೆತ್ತ ನಿರಾಕರಣೆಗೆ ಒಂದು ತೂಕ ಬರುತ್ತದೆ.

ನ್ಯಾಯಾಲಯ ಆ ದಾರಿ ಹಿಡಿಯಲಿಲ್ಲ. ಸರ್ಕಾರಿ ನೌಕರನ ಒಪ್ಪಿಗೆ ಮೊದಲೇ, ಸ್ಪಷ್ಟವಾಗಿ ದೊರೆತ ಹೊರತು ಅವನಿಂದ ಸಂಘಕ್ಕೆ ಏನನ್ನೂ ಪಡೆಯಕೂಡದೆಂದು ವಿಧಿಸಿತು. ಒಬ್ಬನ ದೂರನ್ನು ನಡೆಸಿಕೊಡಬೇಕಾದಾಗ ಅವನಿಂದ ಆ ಖರ್ಚನ್ನು ಪಡೆಯಬಹುದೆಂದು ಸೂಚಿಸಿತು. ಅದು ವೈಯಕ್ತಿಕ ದೂರಿಗೆ ಸಾಲಬಹುದು. ಎಲ್ಲರಿಗೂ ಒಟ್ಟಿಗೆ ಸಿಗುವ ಸಂಬಳದ ಒಪ್ಪಂದಕ್ಕೆ ಸಾಲದು. ಇತ್ತ ಎಲ್ಲರ ಹಿತವನ್ನೂ ನೋಡುವ ಸಂಘದ ಹೊಣೆ ಹಾಗೆಯೇ ಉಳಿಯಿತು.

ಈ ತೀರ್ಪಿನ ಪಕ್ಕದಲ್ಲಿ ಇನ್ನೆರಡು ತೀರ್ಪುಗಳನ್ನು ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಲಿನಾಯಿನಲ್ಲೇ ಪಿಕರಿಂಗ್ ಎಂಬ ಉಪಾಧ್ಯಾಯರು ಶಾಲಾಮಂಡಲಿ ಹಣ ಬಳಸುವ ರೀತಿಯನ್ನು ಟೀಕಿಸಿ ಊರಿನ ಪತ್ರಿಕೆಗೆ ಕಾಗದ ಬರೆದು ಕೆಲಸ ಕಳೆದುಕೊಂಡಿದ್ದರು. ೧೯೬೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪಕ್ಷ ವಹಿಸಿತು. ಸರ್ಕಾರಿ ನೌಕರನಾದ ಮಾತ್ರಕ್ಕೆ ಪೌರನ ಬಾಯಿ ಮುಚ್ಚಿಹೋಗದೆಂದಿತು. ಆದರೆ ಲಾಸ್ ಏಂಜಲೀಸಿನ ಸರ್ಕಾರಿ ವಕೀಲ ಸೆಬಾಯೊಸ್, ಶೋಧನೆಯ ವಾರಂಟಿಗಾಗಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ ತಪ್ಪು ಹೇಳಿಕೆಗಳಿವೆಯೆಂದು ಮೇಲಧಿಕಾರಿಗಳಿಗೆ ಬರೆದು ತೊಂದರೆಗೀಡಾದಾಗ, ೨೦೦೬ರಲ್ಲಿ ಅದೇ ನ್ಯಾಯಾಲಯ ಕೈಬಿಟ್ಟಿತು. ಕರ್ತವ್ಯದ ಅಂಗವಾಗಿ ಆಡಿದ ಮಾತಿಗೆ ಸಂವಿಧಾನದ ರಕ್ಷಣೆಯಿಲ್ಲವೆಂದಿತು. ಹೀಗೆ, ಕಚೇರಿಯಲ್ಲಿ ಕಂಡ ತಪ್ಪನ್ನು ಕಚೇರಿಯಲ್ಲೇ ಬಾಯಿಬಿಟ್ಟು ಹೇಳಿದವನಿಗಿಂತ ತಿಂಗಳ ವಂತಿಗೆ ಕೊಡಲೊಲ್ಲದವನಿಗೆ ಹೆಚ್ಚಿನ ರಕ್ಷಣೆ ದೊರೆತಂತಾಯಿತು. ವಾಕ್‌ಸ್ವಾತಂತ್ರ್ಯ ಪವಿತ್ರವಾದರೆ ಅದು ನಾಲಗೆಯಲ್ಲಿ ಮೊದಲು ಪವಿತ್ರವಾಗಲಿ. ಚೀಲಕ್ಕೆ ಅನಂತರ ಬರಲಿ. ಸತ್ಯ ನುಡಿದ ಗುಮಾಸ್ತನಿಗೆ ಆಪತ್ತಿನಲ್ಲಿ ಜೊತೆ ನಿಲ್ಲುವವರು ಯಾರು ಎಂದು ಕೇಳಿದರೆ, ಬಹಳ ಸಲ ಬರುವ ಉತ್ತರ ಅವನ ಸಂಘವೇ.

ತೀರ್ಪಿನಿಂದ ಸಂಘಗಳು ಮುಳುಗಿಹೋಗುವುವೆಂದು ಕೆಲವರು ಹೆದರಿದ್ದರು, ಕೆಲವರು ಹಾರೈಸಿದ್ದರು. ಎರಡೂ ಆಗಲಿಲ್ಲ. ಅಮೆರಿಕದ ಸರ್ಕಾರಿ ನೌಕರರಲ್ಲಿ ಸಂಘದ ಸದಸ್ಯರು ೨೦೧೭ರಲ್ಲಿ ಶೇಕಡ ೩೪.೪ ಇದ್ದರು, ೨೦೨೪ರಲ್ಲಿ ಶೇಕಡ ೩೨.೨. ಸದಸ್ಯರಲ್ಲದವರ ವಂತಿಗೆ ನಿಂತುಹೋಯಿತು, ಸಂಖ್ಯೆ ತುಸು ಇಳಿಯಿತು. ಆದರೂ ಮೂವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಉಳಿದಿದ್ದಾರೆ. ಕೊಡದಿದ್ದರೂ ನಡೆಯುವುದೆಂದು ತಿಳಿದ ಮೇಲೂ ಲಕ್ಷಾಂತರ ಮಂದಿ ಕೊಡುತ್ತಲೇ ಬಂದಿದ್ದಾರೆ ಎಂಬುದು ಹಾಲಿನ ಕೊಳದ ಕಥೆಗೆ ಒಂದು ಸಮಾಧಾನದ ಟಿಪ್ಪಣಿ. ಮನುಷ್ಯ ಬರಿಯ ಲೆಕ್ಕದ ಪ್ರಾಣಿಯಲ್ಲ. ಬಲವಂತ ತಪ್ಪಿದ ಮೇಲೆ ಸಂಘದ ಮುಖಂಡರೂ ಸದಸ್ಯರ ಬಳಿಗೆ ನಡೆದು ಹೋಗಿ, ಕೇಳಿ, ಒಪ್ಪಿಸಬೇಕಾಯಿತು. ಸಂಬಳಪಟ್ಟಿಯಿಂದ ತಾನಾಗಿ ಹರಿದುಬರುವ ಹಣಕ್ಕೆ ಕಿವಿ ಮಂದವಾಗುವ ಗುಣವಿದೆ. ಕೇಳಿ ಪಡೆಯುವವನು ನಾಲ್ಕು ಮಾತು ಕೇಳಿಸಿಕೊಳ್ಳಲೂ ಬೇಕು. ಬಹುಮತದ ತೀರ್ಪಿನಿಂದ ಆದ ಒಳ್ಳೆಯದೇನಾದರೂ ಇದ್ದರೆ ಅದು ಇದು.

ಇನ್ನು ಉಳಿದದ್ದು ಒಬ್ಬೊಬ್ಬ ನೌಕರನ ಲೆಕ್ಕ. ನಮ್ಮ ಭಾಷೆಯಲ್ಲಿ 'ಹಂಗು' ಎಂದೊಂದು ಮಾತುಂಟು, 'ಋಣ' ಎಂದು ಇನ್ನೊಂದು. ಹಂಗು ಮತ್ತೊಬ್ಬರು ನಮ್ಮ ಮೇಲೆ ಹೊರಿಸುವುದು. ಅದರ ಕೆಳಗೆ ತಲೆ ಬಾಗುತ್ತದೆ. ಋಣ ನಾವೇ ಅರಿತು ಒಪ್ಪಿಕೊಳ್ಳುವುದು. ಅದನ್ನು ತೀರಿಸಿದಾಗ ತಲೆ ಎತ್ತುತ್ತದೆ. ೨೦೧೮ರ ತೀರ್ಪು ಅಮೆರಿಕದ ಸರ್ಕಾರಿ ನೌಕರನನ್ನು ಸಂಘದ ಹಂಗಿನಿಂದ ಬಿಡಿಸಿತು. ಋಣದಿಂದ ಬಿಡಿಸುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲ. ಸಂಘ ಗಳಿಸಿಕೊಟ್ಟ ಸಂಬಳದ ಏರಿಕೆಯನ್ನು ಕೈಚಾಚಿ ತೆಗೆದುಕೊಂಡವನು, ಅದರ ಮಾತು ನನಗೆ ಒಪ್ಪಿಗೆಯಿಲ್ಲ ಎಂದರೆ, ಒಪ್ಪಬೇಡ ಎನ್ನೋಣ. ಎದ್ದು ನಿಂತು ಹಾಗೆಂದು ಹೇಳಲಿ, ಪತ್ರಿಕೆಗೆ ಬರೆಯಲಿ, ಸಂಘದೊಳಕ್ಕೆ ಹೋಗಿ ಜಗಳವಾಡಲಿ. ಅದೂ ಬೇಡವಾದರೆ ಅಷ್ಟೇ ಹಣವನ್ನು ಒಂದು ಅನಾಥಾಲಯಕ್ಕೋ ಆಸ್ಪತ್ರೆಗೋ ಕೊಡಲಿ. ಕಾಯಿದೆ ಹೇಳದಿದ್ದರೂ ತಡೆಯುವವರು ಯಾರೂ ಇಲ್ಲ. ಆ ಹಣ ಜೇಬಿನಲ್ಲಿಯೇ ಉಳಿದಷ್ಟು ದಿನ ಅವನ ಮನಸ್ಸಾಕ್ಷಿಯ ಮಾತನ್ನು ಜನ ಪೂರ್ತಿಯಾಗಿ ನಂಬಲಾರರು. ಯಾರೂ ನೋಡದ ಹೊತ್ತಿನಲ್ಲಿ ತಾನೂ ನಂಬುತ್ತಾನೆಯೇ ಎಂಬುದನ್ನು ಅವನೇ ಕೇಳಿಕೊಳ್ಳಬೇಕು.